ನಿನ್ನ ಕುರ್ಚಿ ಖಾಲಿಯಿತ್ತು

ಅಮ್ಮಾ, ಇವತ್ತು ನಾನೇ ಬಾಯಿಬಿಟ್ಟೆ!

ನೀನು ತೀರಿಹೋದಮೇಲೆ ಮೊದಲ ಸಲ ತಪಾಸಣೆಗೆ ಒಬ್ಬಳೇ ಒಳಗೆ ಹೋಗಿದ್ದೆ. ಏಳನೇ ವಯಸ್ಸಿನಲ್ಲಿ ಬಂದುಹೋದ ಕ್ಯಾನ್ಸರಿಗೆ ವರ್ಷವರ್ಷವೂ ಹಾಜರಿ. ಹಳೆಯ ಡಾಕ್ಟರು ಹೊರಗಿರಿ ಎಂದರೂ, ನನ್ನ ಮದುವೆಯಾದಮೇಲೂ, ನೀನು ನನ್ನ ಪಕ್ಕದ ಕುರ್ಚಿ ಬಿಟ್ಟು ಜಗ್ಗುತ್ತಿರಲಿಲ್ಲ; ನನ್ನನ್ನು ಕೇಳಿದ್ದಕ್ಕೆಲ್ಲ ನಿನ್ನದೇ ಉತ್ತರ: "ಅವಳಿಗೇನ್ರೀ ಆಗಿದೆ, ಗುಂಡುಕಲ್ಲಿನ ಹಾಗಿದಾಳೆ!"

ಇವತ್ತು ಹೊಸ ಡಾಕ್ಟರಮ್ಮ ಕೇಳಿದರು, "ಗಂಡನ ಜೊತೆ ಸೇರುವಾಗ ನೋವಾಗುತ್ತಾ?"

ಅಭ್ಯಾಸಬಲದಿಂದ ನಿನ್ನ ಕುರ್ಚಿಯತ್ತ ತಿರುಗಿದೆ. ಖಾಲಿ. "ತುಂಬಾ" ಎಂದುಬಿಟ್ಟೆ.

ಅದು ನನ್ನ ತಪ್ಪಲ್ಲವಂತೆ ಕಣಮ್ಮಾ! ಆಗಿನ ಚಿಕಿತ್ಸೆಯಿಂದ ಹಾರ್ಮೋನು ಕಡಿಮೆಯಾಗಿರಬಹುದಂತೆ, ಅದಕ್ಕೆ ಔಷಧಿಯೂ ಇದೆಯಂತೆ! ಹೊರಗೆ ಕಾಯುತ್ತಿದ್ದ ನಿನ್ನ ಅಳಿಯನಿಗೆ ಹೇಳುವ ಆತುರಕ್ಕೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ಬಾಗಿಲ ಬಳಿ ಡಾಕ್ಟರಮ್ಮ ತಡೆದರು. "ಇಷ್ಟು ದಿನ ಯಾಕಮ್ಮಾ ಹೇಳಲಿಲ್ಲ?"

"ಯಾರೂ ಕೇಳಿರಲಿಲ್ಲ" ಎಂದೆ.

ನಿನ್ನನ್ನು ಬಿಟ್ಟುಕೊಡಲಿಲ್ಲ.