ಬಿಚ್ಚದ ಆರು ಬೆರಳು

ಫೆಬ್ರವರಿ ಮೂವತ್ತು, 2187
ಮೂರನೆಯ ಹೊಂಡ, ಶಹಾಬಾದ್

ಎರಡು ಸಾವಿರದ ಇಪ್ಪತ್ತರ ದಶಕದ ಜನರೇ,

ತಾರೀಖು ನೋಡಿ ನಗಬೇಡಿ. ತಿಂಗಳುಗಳನ್ನೆಲ್ಲ ಮೂವತ್ತು ದಿನಕ್ಕೆ ಸಮ ಮಾಡಿ ಎಂಬತ್ತು ವರ್ಷವಾಯಿತು. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದ ರಜೆ. ನಿಮಗೆ ತಿಳಿಯದ ಪದ ಬಂದರೆ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ, ವಿಚಿತ್ರ ಅನಿಸಿದರೆ ಮನ್ನಿಸಿ. ಒರಟು ಮಾತು ಬಂದರೆ ಮಾತ್ರ ಮನ್ನಿಸಿರೆಂದು ಕೇಳಲಾರೆ. ಒರಟು ನಮ್ಮ ಜನರ ಭಾಷೆ. ನಾನು ಕ್ಷಮೆ ಕೇಳಬೇಕಾದದ್ದು ಬೇರೆಯೇ ಇದೆ, ಅದನ್ನು ನಿಮ್ಮ ಹತ್ತಿರ ಕೇಳಿ ಪ್ರಯೋಜನವೂ ಇಲ್ಲ.

ನನ್ನ ಹೆಸರು ಮಲ್ಕಪ್ಪ. ಕಲ್ಲುಗಣಿಯವರ ಒಕ್ಕೂಟದಲ್ಲಿ ಮೂವತ್ತು ವರ್ಷ ದುಡಿದವನು, ಹನ್ನೊಂದು ವರ್ಷ ಅದರ ಮುಂದಾಳು. ಮೇಲಿನ ಬಿಸಿಲು ತಾಳಲಾಗದೆ ನಾವು ಹಳೆಯ ಗಣಿಹೊಂಡಗಳೊಳಗೇ ಮನೆ ಕಟ್ಟಿಕೊಂಡಿದ್ದೇವೆ. ನಮ್ಮ ಹಿರಿಯರು ಯಾರ್ಯಾರದೋ ಬಂಗಲೆಗೆ ಕಲ್ಲು ಕಿತ್ತು ಕೊಟ್ಟು ಬಿಟ್ಟುಹೋದ ಕುಳಿಗಳಿವು. ಜೋಳದ ರೊಟ್ಟಿ ಇನ್ನೂ ಇದೆ, ಶೇಂಗಾ ಹಿಂಡಿ ಇನ್ನೂ ಖಾರವಿದೆ. ಪುಸ್ತಕ ಓದುವವರು ಕಡಿಮೆ. ವಿಡಿಯೋ ಗೇಮೇ ನಮ್ಮ ಪುಸ್ತಕ, ನಾಟಕ, ಕರಪತ್ರ. ಅವೆಲ್ಲ ಇರುವುದು ಕಣಜದಲ್ಲಿ, ಅಂದರೆ ಇಡೀ ಸೀಮೆಗೆ ಸೇರಿದ ಒಂದು ಯಂತ್ರದ ಗೋದಾಮಿನಲ್ಲಿ. ಯಾರೂ ಮನೆಯಲ್ಲಿ ಪ್ರತಿ ಇಟ್ಟುಕೊಳ್ಳುವಂತಿಲ್ಲ. ದೊಡ್ಡವರು ಆಟಗಳನ್ನು ಬಚ್ಚಿಟ್ಟು ಒಡೆಯರಾಗಬಾರದೆಂದು ನಾವೇ ಬೀದಿಗಿಳಿದು ತಂದ ಕಟ್ಟಳೆ ಅದು. ಇನ್ನೊಂದನ್ನೂ ನಾವೇ ತಂದೆವು: ಹೊಸ ಆಟಕ್ಕೆ ಏಳು ದಿನದೊಳಗೆ ಬಿದ್ದ ಅಂಕಗಳಲ್ಲಿ ಮುಕ್ಕಾಲು ಪಾಲು ಸೊನ್ನೆಯಾದರೆ ಕಣಜ ಅದನ್ನು ಅಳಿಸಿಬಿಡುತ್ತದೆ. ಜಾತಿಯ ಕೊಬ್ಬು ತುಂಬಿದ ಕಸ ತೊಳೆದುಹೋಗಲಿ ಅಂತ ತಂದೆವು. ತಂದ ದಿನ ಹಲಗೆ ಬಡಿದು ಕುಣಿದವರಲ್ಲಿ ನಾನೂ ಒಬ್ಬ.

ಅಂಕ ಕೊಡುವುದು ಸಭೆಯಲ್ಲಿ, ಕೈಯಿಂದ. ಹತ್ತೂ ಬೆರಳು ಬಿಚ್ಚಿದರೆ ಹತ್ತು, ಮುಷ್ಟಿ ಎತ್ತಿದರೆ ಸೊನ್ನೆ. ನಡುವಿನ ಅಂಕಿಗೂ ಬೆರಳಿದೆ, ಎತ್ತುವವರಿಲ್ಲ. ಎತ್ತಿದವನನ್ನು ನಡುಗೇರಿಯವ ಅನ್ನುತ್ತಾರೆ, ಅಂದರೆ ಎರಡೂ ಕಡೆ ಉಣ್ಣುವವನು. ಅವನ ಮನೆಯ ಮದುವೆಗೆ ಜನ ಹೋಗುವುದಿಲ್ಲ. ಈ ರೋಗದ ಬೀಜ ನಿಮ್ಮದು. ನಿಮ್ಮ ಕಾಲದ ದಾಖಲೆ ನೋಡಿದ್ದೇನೆ. ಆಟ ಹೊರಬಂದು ಗಂಟೆಯಾಗಿರುವುದಿಲ್ಲ, ಆಡದೇ ಇದ್ದವರು ಸಾವಿರಗಟ್ಟಲೆ ಸೊನ್ನೆ ಒತ್ತಿರುತ್ತಾರೆ. ಅವರ ಮೂತಿಗೆ ಹೊಡೆಯಲು ಇನ್ನೊಂದು ಸಾವಿರ ಜನ ಹತ್ತು ಒತ್ತಿರುತ್ತಾರೆ. ಬೀಜ ನಿಮ್ಮದಾದರೂ ನೀರೆರೆದವರು ನಾವು.

ನಮ್ಮ ಹೊಂಡದ ಹುಡುಗಿ ಚಂದಮ್ಮ ಒಂದು ಆಟ ಮಾಡಿದಳು. ಹೆಸರು 'ಪರಸಿ', ನಮ್ಮ ಚಪ್ಪಡಿ ಕಲ್ಲಿಗೆ ಹಾಗನ್ನುತ್ತೇವೆ. ಆಡುವವರು ಗಣಿಗಿಳಿದು, ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ ಒಳಬಿರುಕು ಪತ್ತೆ ಹಚ್ಚಬೇಕು. ಹಾದಿ ತೋರಿಸುವುದು ಅವಳ ಅಜ್ಜಿ ಭೀಮಬಾಯಿಯ ದನಿ. ಅಜ್ಜಿ ಸಾಯುವ ಮುಂಚೆ ಚಂದಮ್ಮ ಎದುರಿಗೆ ಕೂರಿಸಿಕೊಂಡು ತುಂಬಿಸಿಕೊಂಡದ್ದು. ತಪ್ಪು ಕಲ್ಲಿಗೆ ಹೊಡೆದರೆ ಮುದುಕಿ ಬೈಯುತ್ತಾಳೆ: "ಏ ಹುಚ್ಚಪ್ಯಾಲಿ, ನಿಮ್ಮಪ್ಪನೂ ಹಿಂಗೇ ಹೊಡಿತಿದ್ದ, ಅದಕ್ಕೇ ಅವನ ಹಲ್ಲು ಮೂರೇ ಇದ್ದವು." ನಾನು ಒಬ್ಬನೇ ಕೂತು ನಕ್ಕೆ. ಮೂರು ಸಲ ಆಡಿ ಮುಗಿಸಿದೆ. ಎರಡನೆಯ ಅರ್ಧ ಎಳೆಯುತ್ತದೆ. ಮುಷ್ಕರ ಬರುವ ಹೊತ್ತಿಗೆ ಕಥೆ ತೆಳ್ಳಗಾಗುತ್ತದೆ. ಆದರೂ ಮನಸ್ಸಿನಲ್ಲಿ ಆರು ಬಂತು. ಪ್ರಾಮಾಣಿಕವಾದ ಆರು.

ಆಟದಲ್ಲಿ ಒಂದು ಕಡೆ ಗಣಿ ಮಾಲೀಕನ ಹೆಂಡತಿ ಗೋಡೆಗೆ ಒರಗಿ ಅಳುತ್ತಾಳೆ. ಅಷ್ಟೇ ಸಾಕಾಯಿತು. ಶತ್ರುವಿಗೆ ಕಣ್ಣೀರು ಕೊಟ್ಟವಳು ಅಂತ ಒಕ್ಕೂಟದಲ್ಲಿ ಕೂಗೆದ್ದಿತು. ಎಲ್ಲರೂ ಸೊನ್ನೆ ಕೊಡಬೇಕೆಂಬ ನಿರ್ಣಯ ಬರೆದವನು ನಾನು. ಮೊದಲ ದಿನವೇ ನಾಲ್ಕು ಸಾವಿರ ಮುಷ್ಟಿ ಎದ್ದವು. ಮೂರನೆಯ ದಿನ ಮಾಲೀಕರ ಕಡೆಯ ಹುಡುಗರು ಗುಂಪುಗುಂಪಾಗಿ ಬಂದು ಹತ್ತು ಬೆರಳು ಎತ್ತಿದರು. ಅವರೂ ಆಡಿರಲಿಲ್ಲ, ನಮ್ಮ ಹೊಟ್ಟೆ ಉರಿಸಲು ಬಂದಿದ್ದರು. ಅವರ ಹತ್ತು ನೋಡಿ ನಮ್ಮ ಮುಷ್ಟಿ ಇನ್ನೂ ಬಿಗಿಯಾಯಿತು. ಅಳಿಸುವ ಗೆರೆ ದಾಟಿ ಸೊನ್ನೆಗಳು ನಿಂತವು.

ಆರನೆಯ ದಿನ ಚಂದಮ್ಮ ನಮ್ಮ ಮನೆಗೆ ಬಂದಳು. ನನ್ನ ಹೊಂಡದ ಆರುನೂರು ಜನ ನನ್ನ ಕೈ ನೋಡಿ ಕೈ ಎತ್ತುವವರು. ಕೊಟ್ಟ ಅಂಕವನ್ನು ಏಳನೆಯ ದಿನದ ಸಭೆಯ ತನಕ ಬದಲಿಸಬಹುದು. ನಾನು ಬದಲಿಸಿದರೆ ಅವರೂ ಬದಲಿಸುತ್ತಿದ್ದರು, ಆಟ ಉಳಿಯುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಅಳಲಿಲ್ಲ, ಕಾಲು ಹಿಡಿಯಲಿಲ್ಲ.

"ಅಣ್ಣೋರೆ, ನೀವು ಮೂರು ಸಲ ಆಡೀರಿ. ಕಣಜದಾಗ ಕಾಣಸ್ತದ. ನಿಮ್ಮ ಮನಸಿನ್ಯಾಗ ಎಷ್ಟು ಬಂತು, ಅಷ್ಟೇ ಎತ್ತರಿ," ಅಂದಳು.

"ತಂಗಿ, ನನ್ನ ಮನಸಿಂದು ಬ್ಯಾರೆ, ಸಂಘಟನಿದು ಬ್ಯಾರೆ," ಅಂದೆ.

"ಹಂಗಾದ್ರ ಸಂಘಟನ್ಯಾಗ ಇರೋದು ಯಾರ ಮನಸ್ರಿ?"

ಚಹಾ ಮಾಡಲು ಒಳಗೆ ಹೋದೆ. ನಾನು ಪೊಲೀಸರ ಲಾಠಿಗೆ ಹೆದರಿದವನಲ್ಲ. ನಡುಗೇರಿಯವ ಅನ್ನುವ ಒಂದು ಪದಕ್ಕೆ ಹೆದರಿದೆ. ಏಳನೆಯ ದಿನ ಸಭೆಯಲ್ಲಿ ಮತ್ತೆ ಮುಷ್ಟಿಯನ್ನೇ ಎತ್ತಿದೆ, ಎಲ್ಲರಿಗಿಂತ ಮೇಲೆ. ಕಣಜ ಕಟ್ಟಳೆಯಂತೆ ನಡೆಯಿತು. ಭೀಮಬಾಯಿಯ ದನಿ ಈಗ ಭೂಮಿಯ ಮೇಲೆ ಎಲ್ಲೂ ಇಲ್ಲ.

ಎರಡು ವರ್ಷದ ಮೇಲೆ ಅವಳ ಮನೆಗೆ ಹೋಗಿ ಹೇಳಿದೆ, ಆರು ಬಂದಿತ್ತು ಅಂತ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಹತ್ತಿರ ಸರಿದು ಕೂತು ಕೇಳಿದಳು: "ಉಳಿದ ನಾಲ್ಕು ಎಲ್ಲಿ ಹೋದವ್ರಿ?"

ಇಷ್ಟು ಸಾವಿರ ಕೈಗಳಲ್ಲಿ ಒಂದೂ ಅವಳಿಗೆ ಅದನ್ನು ಹೇಳಿರಲಿಲ್ಲ. ಎಳೆಯುವ ಅರ್ಧದ ಬಗ್ಗೆ, ತೆಳ್ಳಗಾದ ಮುಷ್ಕರದ ಬಗ್ಗೆ ಹೇಳಿದೆ. ತಲೆಯಾಡಿಸುತ್ತ ಕೇಳಿದಳು. "ಮುಷ್ಕರದ್ದು ನನಗೂ ಹಂಗೇ ಅನಿಸಿತ್ರಿ. ತಿದ್ತಿದ್ದೆ," ಅಂದಳು.

ನಿಮ್ಮ ಕಾಲದಲ್ಲಿ ಅಳಿಸುವ ಕಟ್ಟಳೆ ಇನ್ನೂ ಬಂದಿಲ್ಲ. ಬೇಡಿಕೆ ಇಷ್ಟೇ: ಮುಷ್ಟಿ ಎತ್ತಿ, ಎತ್ತಲೇಬೇಕಾದ ಕಡೆ ಎತ್ತಿ, ನಾನೂ ಸಾಯುವ ತನಕ ಎತ್ತುತ್ತೇನೆ. ಆದರೆ ಒಬ್ಬಳು ಮಾಡಿದ್ದನ್ನು ಆಡಿ ನೋಡಿದ ಮೇಲೆ ಮನಸ್ಸಿಗೆ ಬಂದ ಅಂಕಿಯನ್ನೇ ಹೇಳಿ. ಎಲ್ಲಿ ಕಡಿಮೆಯಾಯಿತೆಂದೂ ಹೇಳಿ. ಪಕ್ಕದವನು ಏನಂದಾನು ಅಂತ ಕೈ ಮಡಚಬೇಡಿ.

ಚಂದಮ್ಮ ಈಗ ಆಟ ಮಾಡುವುದಿಲ್ಲ. ಕೇಳಿದರೆ ಟೈಮಿಲ್ಲ ಅನ್ನುತ್ತಾಳೆ. ಅವಳಿಗೆ ಟೈಮಿದೆ.

ಮಲ್ಕಪ್ಪ