ಬಿಳಿ ಗೂಟದ ಪಕ್ಕದ ಕುರ್ಚಿ

ಮ್ಯಾಟ್ಲಾಕ್
ಡಿಸೆಂಬರ್, ಬುಕಿಂಗ್ ದಿನದ ಮಧ್ಯಾಹ್ನ

ಎಲ್ಲಿದ್ದೀಯೋ ಅಲ್ಲಿರುವ ಅಮ್ಮನಿಗೆ,

ನಿನ್ನ ಫೋನು ಯಾವಾಗ ನೋಡಿದರೂ ಬಂದ್. ಗುಡ್ಡದ ಮರೆಯಲ್ಲಿ ಸಿಗ್ನಲ್ ಇಲ್ಲ ಅನ್ನುತ್ತೀಯ, ಇರಲಿ. ಈ ಪತ್ರವನ್ನು ವೇಲ್ಸಿನ ನೆರಿಸ್ ಆಂಟಿಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ನೀನು ಎಲ್ಲೆಲ್ಲಿ ಅಲೆದರೂ ಕೊನೆಗೆ ಅವರ ಕುರಿಹೊಲದ ಮೂಲೆಗೇ ಬಂದು, ಕಾರಿನ ಹಿಂದೆ ಎಳೆದೊಯ್ಯುವ ಆ ಗಾಲಿಮನೆ ಕ್ಯಾರವಾನನ್ನು ನಿಲ್ಲಿಸುತ್ತೀಯ ಎಂದು ಅವರೇ ಹೇಳಿದರು. ಅವರು ಇನ್ನೂ ಒಂದು ವಿಷಯ ಹೇಳಿದರು. ಅದಕ್ಕೆ ಆಮೇಲೆ ಬರುತ್ತೇನೆ. ಈಗಲೇ ಬರೆದರೆ ಬರೀ ಬೈಗುಳ ಬರುತ್ತದೆ.

ಇವತ್ತು ಬುಕಿಂಗ್ ದಿನ. ನಿನಗೆ ನೆನಪಿರಲೇಬೇಕು. ಕ್ಯಾರವಾನ್ ಕ್ಲಬ್ಬಿನವರು ಮುಂದಿನ ವರ್ಷಕ್ಕೆ ತಮ್ಮ ತಂಗುದಾಣಗಳ ಜಾಗಗಳನ್ನೆಲ್ಲ ಒಮ್ಮೆಲೇ ಬಿಡುವ ಬೆಳಿಗ್ಗೆ. ಅಪ್ಪ ಎಂದಿನಂತೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮದುವೆಗೆ ಹೊರಟವರ ಹಾಗೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ಟೋಸ್ಟು ತಟ್ಟೆಯಲ್ಲೇ ತಣ್ಣಗಾಗಿತ್ತು. ಮೇ ಕೊನೆಯ ರಜೆಗೆ ನಾರ್ತಂಬರ್ಲೆಂಡಿನ ಕಡಲತೀರ, ಜೂನ್ ಜುಲೈಗೆ ಒಂದೊಂದು ಊರು, ಆಗಸ್ಟಿಗೆ ಯಾರ್ಕ್‌ಶೈರಿನ ಕಣಿವೆ, ಶಾಲೆ ತೆರೆದು ಮಕ್ಕಳ ಗಲಾಟೆ ಮುಗಿದ ಮೇಲೆ ನಾರ್ಫಕ್. ನಾನು ತೊಟ್ಟಿಲಲ್ಲಿದ್ದಾಗಿನಿಂದ ಅದೇ ಊರು, ಅದೇ ವಾರ.

ನೀನು ಪ್ರತಿ ಸಲವೂ ರೇಗುತ್ತಿದ್ದೆ. "ಮುಂದಿನ ಆಗಸ್ಟ್‌ನಲ್ಲಿ ನಂಗೆ ಹಸಿವಾಗುತ್ತೋ ಇಲ್ವೋ ಅಂತ ಈಗ್ಲೇ ಹೇಳು ಅಂದ ಹಾಗಿದೆ ಇದು! ಬೆಳಿಗ್ಗೆ ಎದ್ದು ಆಕಾಶ ನೋಡಿ, ಬಿಸಿಲಿರೋ ಕಡೆ ಗಾಡಿ ತಿರುಗಿಸೋಕ್ಕೆ ಆಗಲ್ವಾ?" ಅನ್ನುತ್ತಿದ್ದೆ. ಅಪ್ಪ ಪರದೆಯಿಂದ ಕಣ್ಣು ಕೀಳದೆ, "ತಿರುಗಿಸ್ಬಹುದು ಮೆರಿಯಲ್. ಆಕಾಶ ನೋಡಿ ಹೊರಟವರಿಗೆ ಕಕ್ಕಸಿನ ಪಕ್ಕದ ಜಾಗ ಕಾದಿರುತ್ತೆ" ಅನ್ನುತ್ತಿದ್ದರು. ನಾನು ನಗುತ್ತಿದ್ದೆ. ಪ್ರತಿ ಸಲವೂ ನಿನ್ನ ಪಕ್ಷ. ತರಗತಿಯಲ್ಲಿ ಒಂದು ಕಡೆ ಕೂರಲಾಗದೆ ಹದಿನೇಳಕ್ಕೇ ಓದು ಬಿಟ್ಟ ನಾನು ಇನ್ಯಾರ ಪಕ್ಷ ವಹಿಸಬೇಕಿತ್ತು?

ಆದ್ದರಿಂದ ಮಾರ್ಚಿನಲ್ಲಿ ನೀನು ಹೋದಾಗಲೂ ನಾನು ನಿನ್ನ ಪಕ್ಷವೇ. ಫ್ರಿಜ್ಜಿನ ಮೇಲೆ ಒಂದು ಚೀಟಿ ಅಂಟಿಸಿ ಹೋಗಿದ್ದೆ: ಎದ್ದೆ, ಬಿಸಿಲಿತ್ತು, ಮನಸ್ಸಾಯಿತು, ಹೊರಟೆ, ಸಿಟ್ಟಾಗಬೇಡಿ. ಮನೆ ಮುಂದೆ ಕ್ಯಾರವಾನ್ ನಿಂತಿದ್ದ ಜಾಗ ಬೋಳಾಗಿತ್ತು, ಹುಲ್ಲಿಲ್ಲದೆ, ಚೌಕವಾಗಿ. ಅಪ್ಪ ಆ ಚೌಕವನ್ನು ನೋಡಿಕೊಂಡು ನಿಂತಿದ್ದರು. ನಾನು ಮಾತ್ರ ನರ್ಸರಿಯಲ್ಲಿ ಗಿಡ ಮಾರುತ್ತಾ ಬಂದವರಿಗೆಲ್ಲ, ನಮ್ಮಮ್ಮ ಗೊತ್ತಾ, ಬಿಸಿಲು ಕಂಡಿತು ಅಂತ ಹೊರಟೇಬಿಟ್ಟಳು ಎಂದು ಹೆಮ್ಮೆಯಿಂದ ಹೇಳಿದ್ದೇ ಹೇಳಿದ್ದು. ಏಪ್ರಿಲ್‌ನಲ್ಲಿ ನಿನ್ನ ಕಾರ್ಡು ಬಂತು. ಟೈರಿಗೆ ಗಾಳಿ, ತುಂಬಿದ ಗ್ಯಾಸು ಎಲ್ಲ ಸರಿಯಾಗಿತ್ತು, "ನನ್ನ ಮನಸ್ಸು ನಿನಗೆ ಮಾತ್ರ ತಿಳಿಯುತ್ತದೆ" ಎಂದು ನನಗೆ ಥ್ಯಾಂಕ್ಸ್ ಬರೆದಿದ್ದೆ. ಆ ಥ್ಯಾಂಕ್ಸ್ ಬಗ್ಗೆಯೂ ಹೇಳುವುದಿದೆ.

ಮೊದಲು ಬೇಸಿಗೆಯ ಕಥೆ ಕೇಳು. ಕಾರ್ಡುಗಳಲ್ಲಿ ನೀನು ಒಮ್ಮೆಯೂ ಕೇಳಲಿಲ್ಲ.

ವರ್ಷವಿಡೀ ಜಾಗ ಬುಕ್ ಆಗಿತ್ತು. ಕ್ಯಾರವಾನ್ ಇರಲಿಲ್ಲ. ಅಪ್ಪ ಒಂದನ್ನೂ ರದ್ದು ಮಾಡಲಿಲ್ಲ. ಮೇ ಬಂದಾಗ ತಮ್ಮ ಸಣ್ಣ ಕಾರಿಗೆ ಮಡಚುವ ಕುರ್ಚಿ, ಫ್ಲಾಸ್ಕು, ಗಾಳಿತಡೆಯ ಬಟ್ಟೆ ತುಂಬಿದರು. ಎಲ್ಲಿಗೆ ಎಂದರೆ ನಾರ್ತಂಬರ್ಲೆಂಡಿಗೆ. ಮಲಗುವುದೆಲ್ಲಿ ಎಂದರೆ ಕಾರಿನಲ್ಲಿ. ಒಬ್ಬರನ್ನೇ ಕಳಿಸಲು ನನಗೆ ಮನಸ್ಸು ಬರಲಿಲ್ಲ, ಹೋದೆ.

ಆ ಬಿಳಿ ಗೂಟ ಗೊತ್ತಲ್ಲ? ಪ್ರತಿ ಜಾಗಕ್ಕೂ ಒಂದು, ಕ್ಯಾರವಾನಿನ ಹಿಂದಿನ ಬಲಮೂಲೆ ಅದಕ್ಕೆ ಸರಿಯಾಗಿ ನಿಲ್ಲಬೇಕು. ನೀನು ಗಾಡಿ ಹಿಂದಕ್ಕೆ ತರುವಾಗ ಅಪ್ಪ ಗೂಟದ ಪಕ್ಕ ನಿಂತು ಕೈ ಆಡಿಸುವುದು, ನೀನು ಕಿಟಕಿಯಿಂದ, "ಇಲ್ಲೇನು ಹೆಲಿಕಾಪ್ಟರ್ ಇಳಿಸ್ತಿದ್ದೀಯಾ ಡೆಸ್ಮಂಡ್?" ಎಂದು ಕೂಗುವುದು. ಈ ಸಲ ಅಪ್ಪ ಕುರ್ಚಿ ಬಿಚ್ಚಿದರು. ಅದರ ಹಿಂದಿನ ಬಲಗಾಲನ್ನು ಗೂಟಕ್ಕೆ ತಾಗಿಸಿ ಇಟ್ಟರು. ಸ್ವಲ್ಪ ಓರೆಯಾಗಿತ್ತು, ಎದ್ದು ಸರಿಮಾಡಿ ಮತ್ತೆ ಕೂತರು. ಇಡೀ ಜಾಗದಲ್ಲಿ ಒಂದು ಕುರ್ಚಿ. ಎರಡೂ ಕಡೆ ದೊಡ್ಡ ದೊಡ್ಡ ಕ್ಯಾರವಾನ್, ಪರದೆ ಸರಿಸಿ ನೋಡುವ ಮುಖಗಳು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನಿಸಿತ್ತು.

ತಂಗುದಾಣ ನೋಡಿಕೊಳ್ಳುವ ಮೊರಾಗ್ ಸೈಕಲ್ಲಿನಲ್ಲಿ ಬಂದಳು. "ಏನ್ ಡೆಸ್ಮಂಡ್, ಮನೇನ ಎಲ್ಲಿ ಬಿಟ್ಟು ಬಂದೆ?"

"ಹಿಂದೆ ಬರ್ತಾ ಇದೆ" ಎಂದರು ಅಪ್ಪ.

"ಮೆರಿಯಲ್ ತರ್ತಾ ಇದ್ದಾಳಾ?"

"ಹ್ಞೂಂ. ದಾರೀಲಿ ರಶ್ಶು."

ಆ ರಶ್ಶು ಮೂರು ದಿನವಾದರೂ ಕರಗಲಿಲ್ಲ. ಜೂನ್‌ನಲ್ಲಿ ಇನ್ನೊಂದು ಕಡೆ, ಅದೇ ಉತ್ತರ. ಜುಲೈಯಲ್ಲಿ ಮಳೆ, ಅಪ್ಪ ಕೊಡೆ ಹಿಡಿದು ಗೂಟದ ಪಕ್ಕ ಕೂತರು, ಮತ್ತೆ "ಹಿಂದೆ ಬರ್ತಾ ಇದೆ." ಆಗಸ್ಟ್ ಹೊತ್ತಿಗೆ ನನ್ನ ತಲೆ ಕೆಟ್ಟಿತ್ತು. ಯಾರ್ಕ್‌ಶೈರಿನಲ್ಲಿ ಪಕ್ಕದ ಕ್ಯಾರವಾನಿನ ಅಜ್ಜ ಕೇಕು ತಂದುಕೊಟ್ಟು, ನಿಮ್ಮದು ಯಾವಾಗ ಬರುತ್ತೆ ಎಂದು ಕೇಳಿದಾಗ ನಾನೇ ಹೇಳಿಬಿಟ್ಟೆ. "ಬರಲ್ಲ ಅಜ್ಜ. ಅಮ್ಮ ಅದನ್ನ ತಗೊಂಡು ಮಾರ್ಚ್‌ನಲ್ಲೇ ಹೋದ್ಳು." ಆ ಪಾಪದ ಮನುಷ್ಯ ಕೇಕಿನ ತಟ್ಟೆ ಹಿಡಿದುಕೊಂಡು ಹಾಗೇ ನಿಂತ. ಅಪ್ಪ ಅವನಿಗೆ ಥ್ಯಾಂಕ್ಸ್ ಹೇಳಿ, ತುಂಡು ತಿಂದು, ಕುರ್ಚಿ ಮಡಚಿದರು.

ಮನೆ ಕಡೆ ಹೊರಟೆವು. ನಾನೇ ಕೇಳಿದೆ, ಯಾಕಪ್ಪ ಈ ನಾಟಕ, ರದ್ದು ಮಾಡಬಾರದಾ? ಶೆಫೀಲ್ಡ್ ದಾಟಿದ ಮೇಲೆ ಉತ್ತರ ಬಂತು. "ಯಾವ ವಾರ ಎಲ್ಲಿರ್ತೀವಿ ಅಂತ ಅವಳಿಗೆ ಬಾಯಿಪಾಠ ಕಣೇ. ಬಂದಾಗ ನಾವಿಲ್ದೇ ಇದ್ರೆ?"

ಅವತ್ತು ನನಗೆ ಮೊದಲ ಸಲ ಹೊಳೆಯಿತು. ಮೊದಲೇ ಬುಕ್ ಮಾಡುವವರನ್ನು ಹುಡುಕಿಕೊಂಡು ಹೋಗಬಹುದು. ನಿನ್ನನ್ನು ಹುಡುಕುವುದು ಹೇಗೆ? ನಿನ್ನ ಕಾರ್ಡು ಬರುವ ಹೊತ್ತಿಗೆ ನೀನು ಆ ಊರಲ್ಲಿರುವುದಿಲ್ಲ. ಆದರೂ ನಾನು ನಿನ್ನನ್ನು ಬಿಟ್ಟುಕೊಡಲಿಲ್ಲ. ಅದು ಅವಳ ಸ್ವಭಾವ, ಯೋಚಿಸಿ ಮಾಡಿದ್ದಲ್ಲ ಎಂದು ಅಪ್ಪನ ಜೊತೆಯೇ ವಾದಿಸಿದೆ.

ಈಗ ನೆರಿಸ್ ಆಂಟಿ ಹೇಳಿದ ಮಾತು. ಹೋದ ವಾರ ಫೋನು ಮಾಡಿ, ಅಮ್ಮ ದಿಢೀರೆಂದು ಬಂದಾಗ ಜಾಗ ಕೊಟ್ಟಿರಲ್ಲ, ಉಪಕಾರವಾಯಿತು ಎಂದೆ. ಅವರು ನಕ್ಕರು. "ದಿಢೀರಂತ ಎಲ್ಲಮ್ಮಾ? ಅದಕ್ಕೂ ಹಿಂದಿನ ಅಕ್ಟೋಬರಿನಲ್ಲೇ ಬಂದು ಮುಂಗಡ ಕೊಟ್ಟು ಹೋಗಿದ್ಲಲ್ಲ. ಮಾರ್ಚಿಗೆ ಬರ್ತೀನಿ, ಗಾಳಿ ಬಡೀದೇ ಇರೋ ಆ ಮೂಲೆ ನಂಗೇ ಇರ್ಲಿ ಅಂತ. ಅಂಥ ಅಚ್ಚುಕಟ್ಟಿನ ಹೆಂಗಸು ಎಲ್ಲಿ ಸಿಗ್ತಾರೆ ಹೇಳು!"

ಅಕ್ಟೋಬರ್, ಅಮ್ಮ! ಅದಾದ ಮೇಲೆ ಡಿಸೆಂಬರ್ ಬಂತು. ಬುಕಿಂಗ್ ದಿನ ನೀನೂ ಫೋನು ಹಿಡಿದು ಅಪ್ಪನ ಪಕ್ಕ ಕೂತಿದ್ದೆ. ಮೇ ರಜೆಯ ಕಡಲತೀರ ಸಿಕ್ಕಾಗ, "ಸಿಕ್ತು!" ಎಂದು ಕೂಗಿದವಳು ನೀನೇ. ದೊಡ್ಡವರು ಇಬ್ಬರು ಎಂದು ಒತ್ತಿದವಳೂ ನೀನೇ. ಅಪ್ಪ ಖುಷಿಯಲ್ಲಿ ನಿನ್ನ ತಲೆಗೆ ಮುತ್ತಿಟ್ಟರು. ನಾನು ನೋಡುತ್ತಿದ್ದೆ.

ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ಸಾಕಾಗಿದ್ದರೆ ಹೋಗಬೇಕು. ನಾನು ಓದು ಬಿಡುತ್ತೇನೆ ಎಂದಾಗ ನೀನು ಏನು ಹೇಳಿದೆ? "ಬಿಡೋದಾದ್ರೆ ಬಿಡು, ಆದ್ರೆ ಕದ್ದು ಬಿಡಬೇಡ. ಹೋಗಿ ಮುಖಕ್ಕೆ ಮುಖ ಕೊಟ್ಟು ಹೇಳಿ ಬಾ." ನಾನು ಹೆಡ್‌ಮಿಸ್ಟ್ರೆಸ್ ಕೋಣೆಗೆ ಹೋಗಿ ಹೇಳಿ ಬಂದೆ. ನೀನು ಗೇಟಿನ ಹತ್ತಿರ ಕಾಯುತ್ತಿದ್ದೆ. ಬರುವಾಗ ಚಿಪ್ಸ್ ಕೊಡಿಸಿದೆ. ಅದನ್ನೇ ನನ್ನ ಜೀವನದ ಪಾಠ ಅಂದುಕೊಂಡಿದ್ದೆ. ಮಗಳಿಗೆ ಕಲಿಸಿದ್ದನ್ನು ನೀನೇ ಮಾಡಲಿಲ್ಲ. ಕಾರಣವನ್ನು ಬಿಸಿಲಿನ ಮೇಲೆ ಹಾಕಿ ಹೋದೆ. ಪಾಪ ಬಿಸಿಲು.

ಇನ್ನು ಇವತ್ತಿನ ಬೆಳಿಗ್ಗೆ.

ಆನ್‌ಲೈನ್ ಸಾಲಿನಲ್ಲಿ ಅಪ್ಪನ ಸರದಿ ಬಂತು. ಕಡಲತೀರದ ಜಾಗ ಸಿಕ್ಕಿತು, ನಿನಗಿಷ್ಟದ ಆ ಸಾಲಿನಲ್ಲೇ. ಪರದೆ ಕ್ಯಾರವಾನಿನ ಉದ್ದ ಕೇಳಿತು. ಅಪ್ಪನಿಗೆ ಅದು ತನ್ನ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ಗೊತ್ತು. ಹಾಕಿದರು, ಅಳಿಸಿದರು. ಮತ್ತೆ ಹಾಕಿದರು. ದೊಡ್ಡವರು ಎಷ್ಟು ಜನ ಎಂದು ಕೇಳಿತು. ಬೆರಳು ಅಲ್ಲೇ ನಿಂತಿತು. ಪರದೆಯ ಮೂಲೆಯಲ್ಲಿ ಗಡುವಿನ ಸೆಕೆಂಡುಗಳು ಓಡುತ್ತಿದ್ದವು. ಜನ್ಮವಿಡೀ ಬುಕಿಂಗನ್ನು ಬೈದುಕೊಂಡೇ ಬಂದ ನಾನು, "ಒತ್ತಪ್ಪಾ, ಒತ್ತು! ಹೋಗುತ್ತೆ!" ಎಂದು ಕಿರುಚಿದೆ.

"ಎಷ್ಟು ಜನ ಅಂತ ಒತ್ಲಿ ಟ್ಯಾಮ್ಸಿನ್?"

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಗಡುವು ಮುಗಿಯಿತು, ಜಾಗ ಬೇರೆ ಯಾರದ್ದೋ ಆಯಿತು. ಆಗಸ್ಟೂ ಹೋಯಿತು, ನಾರ್ಫಕ್ಕೂ ಹೋಯಿತು. ಅಪ್ಪ ಲ್ಯಾಪ್‌ಟಾಪ್ ಮುಚ್ಚಿ ಚಹಾ ಇಟ್ಟರು. ಕುಡಿಯುತ್ತಾ ಕೇಳಿದರು:

"ಸಣ್ಣ ಟೆಂಟು ತಗೊಂಡ್ರೆ ಅದಕ್ಕೂ ಮೊದ್ಲೇ ಹೇಳ್ಬೇಕಾ?"

"ಬೇಡಪ್ಪ. ಹೊಲದವರನ್ನ ಕೇಳಿ ಹೊಡ್ಕೊಂಡ್ರಾಯ್ತು. ಮನಸ್ಸು ಬಂದಾಗ ಹೋಗು."

ಲೋಟ ಕೆಳಗಿಟ್ಟು, "ಹಾಗಾದ್ರೆ ಯಾವತ್ತು ಎಲ್ಲಿರ್ತೀನಿ ಅಂತ ಯಾರಿಗೆ ಹೇಳಿ ಹೋಗ್ಲಿ?" ಎಂದರು.

ನಾನು ತಟ್ಟೆ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಅಮ್ಮ, ನಿನಗೆ ಹೇಳಬೇಕಾದ ಸುದ್ದಿ ಇದೇ. ಮುಂದಿನ ವರ್ಷ ಯಾವ ವಾರವೂ, ಯಾವ ಗೂಟದ ಪಕ್ಕವೂ ಅಪ್ಪ ಇರುವುದಿಲ್ಲ. ಬೇಕಾದಾಗ ಹೋಗಿ ಸೇರಿಕೊಳ್ಳಬಹುದು ಎಂದು ನಿನ್ನ ಮನಸ್ಸಿನ ಮೂಲೆಯಲ್ಲಿ ಒಂದು ಜಾಗ ಇಟ್ಟುಕೊಂಡಿದ್ದರೆ, ಅದು ಇವತ್ತು ರದ್ದಾಯಿತು. ನಾನೂ ಈಸ್ಟರ್ ಆದ ಮೇಲೆ ಮನೆಯಲ್ಲಿರುವುದಿಲ್ಲ. ಕಂಬ್ರಿಯಾದ ಒಂದು ಗಿಡದ ತೋಟದಲ್ಲಿ ಕೆಲಸ ಸಿಕ್ಕಿದೆ. ಅಪ್ಪನಿಗೆ ಎದುರು ಕೂತು ಹೇಳಿದ್ದೇನೆ, ನಿನಗೆ ಇಲ್ಲಿ ಹೇಳುತ್ತಿದ್ದೇನೆ. ವಿಳಾಸ ಲಕೋಟೆಯ ಹಿಂದೆ ಇದೆ.

ಬರುತ್ತೀಯೋ ಇಲ್ಲವೋ, ಒಂದು ಮಾತು ಅಪ್ಪನಿಗೆ ಬರೆ. ಬರುವುದಿಲ್ಲ ಎಂದಾದರೆ ಹಾಗೇ ಬರೆ, ಅವರು ತಡೆದುಕೊಳ್ಳುತ್ತಾರೆ. ತಡೆಯಲಾಗದೆ ಇರುವುದು "ಹಿಂದೆ ಬರ್ತಾ ಇದೆ" ಎಂದು ಕಾಯುವುದನ್ನು. ಈ ಸಲ ಮಾತ್ರ ಆಕಾಶ ನೋಡಿ ತೀರ್ಮಾನ ಮಾಡಬೇಡ. ನಿನಗೆ ಮೊದಲೇ ಯೋಚಿಸಲು ಬರುತ್ತದೆ ಎಂದು ಈಗ ನನಗೆ ಗೊತ್ತು.

ಸಿಟ್ಟಿನಲ್ಲಿದ್ದರೂ ನಿನ್ನವಳೇ,
ಟ್ಯಾಮ್ಸಿನ್

ಮರೆತಿದ್ದು: ಏಪ್ರಿಲ್ ಕಾರ್ಡಿನ ಆ ಥ್ಯಾಂಕ್ಸ್ ವಾಪಸ್ ತಗೊ, ನನ್ನದಲ್ಲ. ಟೈರಿಗೆ ಗಾಳಿ ಹೊಡೆದವಳು, ಗ್ಯಾಸು ತುಂಬಿಸಿದವಳು ನಾನಲ್ಲ. ನೀನೇ ಮಾಡಿಕೊಂಡು ಮರೆತಿದ್ದೀಯ ಅಂದುಕೊಂಡು ಇಷ್ಟು ದಿನ ಸುಮ್ಮನಿದ್ದೆ. ಈಗ ಲಕೋಟೆ ಅಂಟಿಸುವ ಮೊದಲು ಅಪ್ಪನನ್ನು ಕೇಳಿದೆ. ಹೋದ ಜನವರಿಯಲ್ಲಿ ಕ್ಯಾರವಾನಿನಲ್ಲಿದ್ದ ಅವರ ಮಳೆಬೂಟನ್ನು ನೀನು ತೊಳೆದು, ಒಣಗಿಸಿ, ತಂದು ಗ್ಯಾರೇಜಿನಲ್ಲಿ ಇಟ್ಟೆಯಂತೆ. ಅವರದ್ದು ಮಾತ್ರ. ನಿನ್ನದು ಅಲ್ಲೇ ಇತ್ತಂತೆ. ನೀನು ಹೊರಡುತ್ತೀಯ ಎಂದು ಅವತ್ತೇ ತಿಳಿಯಿತಂತೆ. ಹಾಗಾದರೆ ಯಾಕೆ ಕೇಳಲಿಲ್ಲ ಎಂದೆ. "ಹೊರಡೋಳು ಹೊರಡ್ತಾಳೆ ಕಣೇ. ದಾರೀಲಿ ಟೈರು ಸಿಡೀಬಾರ್ದು, ಅಷ್ಟೇ" ಎಂದರು.