ಕೆಳಕ್ಕೆ ಎಳೀಬೇಡ

ದೊಡ್ಡೇರಿ ಹತ್ತಿರ, ನಮ್ಮ ಕೇರಿಯಿಂದ
ಜೂನ್ ೮, ೨೦೨೫, ಭಾನುವಾರ

ಪ್ರೀತಿಯ ಗಂಗಾ,

ಹೆಂಗಿದ್ದೀಯವ್ವಾ? ಮಂಡಿಯ ಗಾಯ ಒಣಗಿತಾ? ನರ್ಸಿಂಗ್ ಓದೋಳಿಗೆ ಮುಲಾಮು ಹಚ್ಚಿಕೋ ಅಂತ ನಾನು ಹೇಳಬೇಕಾ? ಹಾಸ್ಟೆಲಿನ ಊಟ ಹೆಂಗಾದರೂ ಇರಲಿ, ಉಣ್ಣು. ಅವ್ವ ಚೆನ್ನಾಗಿದ್ದಾಳೆ ಅಂತ ಬರೆಯಬೇಕು, ಬರೆದಿದ್ದೇನೆ. ಪರೀಕ್ಷೆ ಮುಗಿಯುವವರೆಗೆ ನಿನ್ನ ಮೊಬೈಲು ವಾರ್ಡನ್ ಬೀರುವಿನಲ್ಲಿ ಇರುತ್ತದಲ್ಲ, ಅದಕ್ಕೇ ಈ ಕಾಗದ.

ಈ ನೀರು ನಿಮ್ಮ ಕೇರಿಗಲ್ಲ ಅಂತ ಕುಡಿಯೋ ನೀರಿನ ಘಟಕದ ಮುಂದೆ ಮೇಲಿನ ಕೇರಿಯ ಪರಮೇಶ್ ನಿನ್ನ ಜಡೆ ಹಿಡಿದು ಕ್ಯಾನು ಕಿತ್ತುಕೊಂಡ ಫೋಟೊ ಮೊಬೈಲಿನ ಸುದ್ದಿಪುಟದಲ್ಲಿ ಬಂದಿತ್ತಲ್ಲ, ಅದನ್ನು ಆ ಸುದ್ದಿಯವರೇ ತೆಗೆದುಹಾಕಿದರು. ಯಾರು ಯಾರಿಗೆ ಹೇಳಿದರೋ. ಅವತ್ತು ತಾನು ಊರಲ್ಲೇ ಇರಲಿಲ್ಲ ಅಂತ ಪರಮೇಶ್ ಸ್ಟೇಷನ್ನಿಗೆ ಬರೆದುಕೊಟ್ಟಿದ್ದಾನೆ. ನಮ್ಮ ಕೇರಿಯ ಎಲ್ಲರ ವಾಟ್ಸಾಪಿನಲ್ಲೂ ಆ ಲಿಂಕಿದೆ. ಯಾರು ಒತ್ತಿದರೂ ‘ನೀವು ಹುಡುಕುತ್ತಿರುವ ಪುಟ ಇಲ್ಲಿಲ್ಲ’. ಲಿಂಕಿದ್ದರೆ ಸುದ್ದಿ ನಮ್ಮ ಕೈಲಿದ್ದಂಗೆ ಅಂದುಕೊಂಡು ಹಂಚಿದ್ದೇ ಹಂಚಿದ್ದು. ಲಿಂಕು ಅಂದರೆ ಬರೀ ದಾರಿ ಕಣಮ್ಮ. ಮನೆ ಅವರದು. ಅವರು ಕೆಡವಿದರು, ನಾವು ದಾರಿ ಹಿಡಕೊಂಡು ನಿಂತಿದ್ದೇವೆ.

ಅವ್ವನ ಮೊಬೈಲಿನಲ್ಲಿ ಮಾತ್ರ ಆ ಪುಟ ತೆರೆದದ್ದು ತೆರೆದಂತೇ ಇತ್ತು. ಅವಳಿಗೆ ಮುಚ್ಚೋಕೆ ಬರಲ್ಲ, ಅದಕ್ಕೇ ಉಳಿದಿತ್ತು. ಮಧುಗಿರಿಯ ವಕೀಲರು ಸಂಜೀವಯ್ಯನವರು, ಏನೂ ಮುಟ್ಟಬೇಡಪ್ಪ, ಮೊಬೈಲನ್ನೇ ತಗೊಂಡು ಬಾ ಅಂದರು. ನಿನ್ನೆ ಬೆಳಿಗ್ಗೆ ಬಸ್ಸಿಗೆ ಹೊರಟಿದ್ದೆ. ಒಂದ್ ಗಳಿಗೆ ಕೊಡ್ಲಾ, ಮಗಳ ಮುಖ ನೋಡ್ತೀನಿ ಅಂದಳು ಅವ್ವ. ಊರೋರ್ ಕಣ್ಣೆಲ್ಲಾ ನನ್ ಕೂಸಿನ ಮ್ಯಾಲೇ ಬಿದ್ದೈತೆ ಅಂತ, ಗಾಜಿನ ಮೇಲೆ ನಿನ್ನ ಹಣೆಯಿಂದ ಗಲ್ಲದವರೆಗೂ ಬೆರಳಲ್ಲಿ ಸವರಿ ಕೆಳಕ್ಕೆ ಎಳೆದಳು. ಆಮೇಲೆ ಬೆರಳುಗಳನ್ನು ತನ್ನ ಹಣೆಯ ಪಕ್ಕಕ್ಕೊತ್ತಿ ನೆಟಿಗೆ ಮುರಿದಳು. ಅಷ್ಟರಲ್ಲಿ ಪರದೆ ಮೇಲೆ ಸಣ್ಣ ಚಕ್ರ ತಿರುಗಿತು. ಪುಟವನ್ನು ಕೆಳಕ್ಕೆ ಎಳೆದರೆ ಅದು ಹೊಸದಾಗಿ ತರೋಕೆ ಹೋಗುತ್ತೆ. ಹೋಯ್ತು. ತರೋಕೆ ಅಲ್ಲಿ ಏನೂ ಇರಲಿಲ್ಲ.

ಹಿಂದಕ್ಕೆ ಹೋಗುವ ಬಾಣ ಒತ್ತಿದೆ. ಅದಕ್ಕೂ ಮುಂಚೆ ಯಾವಾಗಲೋ ನೋಡಿದ್ದ ಪಾವಗಡ ಬಸ್ಸಿನ ಟೈಮಿನ ಪುಟ ಬಂತು. ಮುಂದಕ್ಕೆ ಒತ್ತಿದೆ, ಪುಟ ಇಲ್ಲಿಲ್ಲ. ಮತ್ತೆ ಹಿಂದಕ್ಕೆ, ಮತ್ತೆ ಬಸ್ಸು. ನಮ್ಮನ್ನು ಹಿಂದಕ್ಕೆ ಕಳಿಸೋಕೆ ಈ ಊರಿಗೆ ಬಾಣ ಬೇಕಾಗಿಲ್ಲ. ಕೋಪ ಬರಬೇಕಿತ್ತು. ಸಂಘದ ಸಭೆಯಲ್ಲಿ ಮೈಕು ಅದುರುವಂತೆ ಕೂಗೋ ನಾನು ಚಾಪೆ ಮೇಲೆ ಕೂತು ಟೀ ಕುಡಿದೆ. ಸಕ್ಕರೆ ಹಾಕಿದ್ದಳೋ ಇಲ್ಲವೋ ಗೊತ್ತಾಗಲಿಲ್ಲ. ನಾನೇನ್ಲಾ ಮಾಡ್ದೆ, ದೃಷ್ಟಿ ತೆಗೆದೆ ಅಷ್ಟೇ ಅಂತ ಅವ್ವ ಆಗಿನಿಂದ ಕೇಳುತ್ತಲೇ ಇದ್ದಾಳೆ. ನೆಟ್‌ವರ್ಕ್ ಸರಿಯಿಲ್ಲ ಅಂದಿದ್ದೇನೆ.

ಚೆನ್ನಾಗಿ ಬರಿ ಪರೀಕ್ಷೆ. ಯಾರ ಮುಂದೂ ತಲೆ ತಗ್ಗಿಸಬೇಡ, ಆ ನೀರು ನಮ್ಮದೂ ಹೌದು. ಜೈ ಭೀಮ್.

ನಿನ್ನ ಅಣ್ಣ,
ಭೀಮರಾಜು

ತಾ.ಕ.: ಆ ಲಿಂಕನ್ನು ಮೊದಲು ಕಳಿಸಿದವಳು ನೀನೇ. ನಿನ್ನ ಮೊಬೈಲಿನಲ್ಲೂ ಪುಟ ತೆರೆದೇ ಇರಬಹುದು, ಇಲ್ಲದೆಯೂ ಇರಬಹುದು. ಕೈಗೆ ಸಿಕ್ಕ ತಕ್ಷಣ ನೆಟ್ ಆಫ್ ಮಾಡು. ವಾಟ್ಸಾಪಿನ ಲಿಂಕ್ ಒತ್ತಬೇಡ. ಬ್ರೌಸರಿನ ಮೂಲೆಯಲ್ಲಿ ಅಂಕಿ ಇರುವ ಚೌಕ ಒತ್ತು, ತೆರೆದ ಪುಟಗಳೆಲ್ಲ ಸಾಲಾಗಿ ಬರುತ್ತವೆ. ಸಿಕ್ಕರೆ ಗೆಳತಿಯ ಮೊಬೈಲಿನಲ್ಲಿ ಫೋಟೊ ಹೊಡೆಸು. ಕೆಳಕ್ಕೆ ಮಾತ್ರ ಎಳೀಬೇಡ. ಸಿಗಲಿ, ಸಿಗದೇ ಹೋಗಲಿ, ಅವ್ವನಿಗೆ ಫೋನ್ ಮಾಡಿ, ನೀನು ನೆಟಿಗೆ ಮುರಿದದ್ದು ಇಲ್ಲಿಗೂ ಕೇಳಿಸ್ತು, ದೃಷ್ಟಿ ಹೋಯ್ತು ಕಣವ್ವ ಅಂತ ಹೇಳು.